ಗದ್ದಲದ ಬಂದರಿನಲ್ಲಿ ಒಂದಿಷ್ಟು ನಿಶ್ಚಲ ನೀರು

ಹಾಂಗ್‌ಕಾಂಗ್‌ನ ವಿಕ್ಟೋರಿಯಾ ಬಂದರಿಗೆ ಯಾಟ್ ಎಂಬ ವಿಹಾರನೌಕೆಯಲ್ಲಿ ಬರುವವರಿಗೆ ಮೊದಲು ಎದುರಾಗುವ ಪ್ರಶ್ನೆ, ಲಂಗರು ಎಲ್ಲಿ ಹಾಕುವುದು ಎಂಬುದು. ಹಡಗು, ಫೆರಿ, ಟಗ್ಗು, ಬಾರ್ಜುಗಳು ಹಗಲಿರುಳೂ ಓಡಾಡುವ ನೀರು ಅದು. ಒಂದು ಫೆರಿ ಎಬ್ಬಿಸಿದ ಅಲೆ ದಡದ ನೆಟ್ಟನೆಯ ಗೋಡೆಗೆ ಬಡಿದು ಹಿಂತಿರುಗುವಷ್ಟರಲ್ಲಿ ಇನ್ನೊಂದರ ಅಲೆ ಬಂದು ಸೇರುತ್ತದೆ. ಮರಳಿನ ಇಳಿಜಾರು ದಡವಿದ್ದಿದ್ದರೆ ಅದು ಅಲ್ಲೇ ಅಡಗುತ್ತಿತ್ತು. ಇನ್ನು ಲಂಗರು ಕೆಸರನ್ನು ಗಟ್ಟಿಯಾಗಿ ಕಚ್ಚಬೇಕಾದರೆ ನೀರಿನ ಆಳದ ಹಲವು ಪಟ್ಟು ಉದ್ದದ ಸರಪಳಿ ಬಿಡಬೇಕು. ಆಗ ಗಾಳಿ ತಿರುಗಿದಂತೆಲ್ಲ ನೌಕೆ ಗೂಟಕ್ಕೆ ಕಟ್ಟಿದ ಹಸುವಿನಂತೆ ಸುತ್ತುತ್ತದೆ. ಇಕ್ಕಟ್ಟಿನ ಬಂದರಿನಲ್ಲಿ ಅದಕ್ಕೆ ಜಾಗವೆಲ್ಲಿ?

ಈ ಬಂದರಿನಲ್ಲಿ ನಿಶ್ಚಲ ನೀರು ಬೇಕೆಂದರೆ 'ಟೈಫೂನ್ ಆಸರೆ'ಗಳಿಗೇ ಹೋಗಬೇಕು. ಕಲ್ಲಿನ ಅಲೆತಡೆ ಕಟ್ಟಿ, ದೋಣಿ ನುಗ್ಗುವಷ್ಟೇ ಬಾಯಿ ಬಿಟ್ಟ ನೀರಿನ ಅಂಗಳಗಳಿವು. ಇವು ವಿಹಾರಕ್ಕೆಂದು ಹುಟ್ಟಿದವಲ್ಲ. 1874ರ ಸೆಪ್ಟೆಂಬರ್‌ನಲ್ಲಿ ಬಡಿದ ಟೈಫೂನ್ 2,000ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅದಾದ ಮೇಲೆ 1883ರಲ್ಲಿ ಕಾಸ್‌ವೇ ಬೇ ಎಂಬಲ್ಲಿ ಮೊದಲ ಆಸರೆ ಸಿದ್ಧವಾಯಿತು. ನಮ್ಮ ಕರಾವಳಿಯ ದೋಣಿಗಳು ಮಳೆಗಾಲದಲ್ಲಿ ಅಳಿವೆಯೊಳಗೆ ಸೇರಿಕೊಳ್ಳುವಂತೆ, ಅಲ್ಲಿಯ ಜಂಕ್, ಸಂಪಾನ್‌ಗಳು ಇದರೊಳಗೆ ಸೇರಬೇಕಿತ್ತು.

ಆದರೆ ಅಷ್ಟು ಸಾಲಲಿಲ್ಲ. 1906ರ ಸೆಪ್ಟೆಂಬರ್ 18ರ ಬೆಳಿಗ್ಗೆ ಎಚ್ಚರಿಕೆಯ ಸಂಕೇತ ಬಂದ ಸ್ವಲ್ಪ ಹೊತ್ತಿನಲ್ಲೇ ಬಿರುಗಾಳಿ ಅಪ್ಪಳಿಸಿತು. ಎರಡು ಮೂರು ಗಂಟೆಗಳಲ್ಲಿ ಸುಮಾರು 10,000 ಜನ ಸತ್ತರೆಂದು ಅಂದಾಜು. ಅವರಲ್ಲಿ ಹೆಚ್ಚಿನವರು ದೋಣಿಯಲ್ಲೇ ಹುಟ್ಟಿ, ದೋಣಿಯಲ್ಲೇ ಸಂಸಾರ ನಡೆಸುತ್ತಿದ್ದ ಜನ. ಅವರಿಗೆ ದೋಣಿ ಮುಳುಗಿದರೆ ಮನೆಯೇ ಮುಳುಗಿದಂತೆ. ಇಷ್ಟಾದರೂ ಎದುರು ದಡದ ಯಾವ್ ಮಾ ತೇಯ ದೊಡ್ಡ ಆಸರೆ ಪೂರ್ಣವಾಗಲು 1915 ಬರಬೇಕಾಯಿತು. ಸರ್ಕಾರಿ ಕೆಲಸದ ನಿಧಾನ ಎಲ್ಲ ಕಾಲಕ್ಕೂ ಒಂದೇ ಇರಬೇಕು.

ಕಾಸ್‌ವೇ ಬೇಯ ಪಕ್ಕದ ಕೆಲೆಟ್ ದ್ವೀಪದಲ್ಲಿ 1940ರಲ್ಲಿ ರಾಯಲ್ ಹಾಂಗ್‌ಕಾಂಗ್ ಯಾಟ್ ಕ್ಲಬ್ಬಿನ ಹೊಸ ಮನೆ ತೆರೆಯಿತು. ಬಡ ಮೀನುಗಾರರ ಸಂಪಾನ್‌ಗಳ ನೆರೆಯಲ್ಲೇ ಸಾಹೇಬರ ಯಾಟ್‌ಗಳೂ ನಿಂತವು. ದಡದ ಮೇಲಿನ ತೋಪು ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಹಾರುತ್ತದೆ, ಇಂದಿಗೂ. ನೀರು ಶಾಂತವಾಗಿದ್ದರೂ ಕಿವಿಗೆ ಶಾಂತಿಯಿಲ್ಲ!

ಮುಂದೆ ನಗರ ಬೆಳೆಯಿತು. ಸಮುದ್ರಕ್ಕೆ ಮಣ್ಣು ತುಂಬಿ ನೆಲ ಮಾಡುವುದು ಅಲ್ಲಿ ಹಳೆಯ ರೂಢಿ. ಮೊದಲ ಆಸರೆಯನ್ನೇ ತುಂಬಿ ಮಾಡಿದ ನೆಲದ ಮೇಲೆ 1957ರಲ್ಲಿ ವಿಕ್ಟೋರಿಯಾ ಪಾರ್ಕ್ ತೆರೆಯಿತು. ಆಸರೆ ಉತ್ತರಕ್ಕೆ ಸರಿಯಿತು. ಕೆಲೆಟ್ ದ್ವೀಪವೂ ದ್ವೀಪವಾಗಿ ಉಳಿಯಲಿಲ್ಲ. 1990ರ ದಶಕದಲ್ಲಿ ಯಾವ್ ಮಾ ತೇಯ ಆಸರೆಗೂ ಇದೇ ಗತಿಯಾಯಿತು. ದೋಣಿಯ ಜನ ಬಹುಪಾಲು ದಡದ ಸರ್ಕಾರಿ ವಸತಿಗಳನ್ನು ಸೇರಿದರು. ಸಂಜೆ ಸಂಪಾನ್‌ನಲ್ಲಿ ಗಿರಾಕಿಗಳನ್ನು ಕೂರಿಸಿಕೊಂಡು ಊಟ, ಹಾಡು ಉಣಬಡಿಸುತ್ತಿದ್ದ ತೇಲುವ ಪೇಟೆಯೂ ಕರಗಿತು. ಬೆಳ್ಳುಳ್ಳಿ, ಮೆಣಸಿನಕಾಯಿ ಸುರಿದು ಹುರಿದ ಅವರ ಏಡಿಯ ಖಾದ್ಯ ಮಾತ್ರ ಆಸರೆಯ ಹೆಸರು ಹೊತ್ತು ದೊಡ್ಡ ಹೋಟೆಲುಗಳಿಗೆ ಹೋಯಿತು.

ಮಣ್ಣು ತುಂಬುವುದಕ್ಕೆ ಕಡಿವಾಣ ಬಿದ್ದದ್ದು 1997ರ ಬಂದರು ರಕ್ಷಣಾ ಶಾಸನದಿಂದ. ತಾತ್ಕಾಲಿಕವಾಗಿ ತುಂಬುವುದಕ್ಕೂ ಅದು ಅನ್ವಯಿಸುತ್ತದೆಂದು 2008ರಲ್ಲಿ ನ್ಯಾಯಾಲಯ ಹೇಳಿತು. ಹೀಗಾಗಿ ಕಾಸ್‌ವೇ ಬೇ ಆಸರೆಯ ಅಡಿಯಲ್ಲಿ ಹೆದ್ದಾರಿ ಸುರಂಗ ಕೊರೆದಾಗ, ತುಂಬಿದ ಮಣ್ಣನ್ನು ತೆಗೆದು ನೀರನ್ನು ಮೊದಲಿನಂತೆ ಬಿಡಬೇಕಾಯಿತು. 2019ರ ಜನವರಿಯಿಂದ ಅಲ್ಲಿ, ತೇಲುಬುರುಡೆಗಳಿಗೆ ಕಟ್ಟಿದ ಯಾಟ್‌ಗಳ ಕೆಳಗೆ, ಕೆಸರಿಗೂ ಕೆಳಗೆ, ಕಾರುಗಳು ಓಡುತ್ತಿವೆ.