ಮನೆ, ಅಂಗಡಿಗೆ ಸ್ಮಾರ್ಟ್ ಸ್ವಿಚ್: ಹೊಸಬರು ಎಲ್ಲಿಂದ ಶುರು ಮಾಡಬೇಕು?

ಹೋಮ್ ಆಟೊಮೇಷನ್ ಅಂದ್ರೆ ಬೆಂಗಳೂರಿನ ದೊಡ್ಡ ಮನೆಗಳ ಮಾತು ಅಂತ ನಮ್ಮ ಕಡೆ ಅಂದ್ಕೊಂಡವರೇ ಜಾಸ್ತಿ. ಆದರೆ ಬೋರಿಗೆ ಮೊಬೈಲ್ ಸ್ಟಾರ್ಟರ್ ಕೂರಿಸಿ, ಮನೆಯಲ್ಲಿ ಕೂತೇ ಮೋಟರ್ ಚಾಲೂ ಮಾಡುವ ರೈತರು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಇದ್ದೇ ಇದ್ದಾರೆ. ಅದೂ ಆಟೊಮೇಷನ್ನೇ. ಅದೇ ತಂತ್ರ ಮನೆಗೂ ಅಂಗಡಿಗೂ ಬಂದಿದೆ. ಕಲಿಯೋಕೆ ಮನಸ್ಸಿರುವವರು ತಿಳಿದಿರಬೇಕಾದ ಮುಖ್ಯ ಸಂಗತಿಗಳು ಇಲ್ಲಿವೆ.

ಕೆಲಸ ಮಾಡೋದು ಹೇಗೆ?

ಇದರಲ್ಲಿ ಮೂರೇ ಭಾಗ. ಸುದ್ದಿ ತಿಳಿಸುವ ಸೆನ್ಸರ್, ಅದನ್ನು ನೋಡಿ ತೀರ್ಮಾನಿಸುವ ಬೋರ್ಡ್ ಅಥವಾ ಟೈಮರ್, ಕರೆಂಟ್ ಕೊಡುವ-ಕತ್ತರಿಸುವ ರಿಲೇ. ಟ್ಯಾಂಕ್ ತುಂಬಿತು ಅಂತ ಸೆನ್ಸರ್ ಹೇಳಿದರೆ ಬೋರ್ಡ್ ರಿಲೇಗೆ ಹೇಳುತ್ತೆ, ಮೋಟರ್ ನಿಲ್ಲುತ್ತೆ. ಮೊಬೈಲ್ ಆ್ಯಪ್ ಇಲ್ಲದೆಯೂ ಇದು ನಡೆಯುತ್ತೆ.

ಮೊದಲು ಯಾವುದು?

ಮನೆಯಾದರೆ ನೀರಿನ ಟ್ಯಾಂಕ್‌ನಿಂದ ಶುರು ಮಾಡಿ. ಟ್ಯಾಂಕ್‌ಗೂ ಸಂಪ್‌ಗೂ ಸೆನ್ಸರ್ ಇರುವ ವಾಟರ್ ಲೆವೆಲ್ ಕಂಟ್ರೋಲರ್ ಹಾಕಿಸಿದರೆ ಮೇಲೆ ನೀರು ಸುರಿದು ಹೋಗಲ್ಲ, ಕೆಳಗೆ ಸಂಪ್ ಖಾಲಿ ಇದ್ದಾಗ ಮೋಟರ್ ಒಣಗಿ ಓಡಿ ಸುಡಲ್ಲ. ಇದಕ್ಕೆ ಇಂಟರ್ನೆಟ್ ಬೇಡ.

ಅಂಗಡಿಯಾದರೆ ಬೋರ್ಡ್ ಲೈಟ್‌ಗೆ ಟೈಮರ್ ಸಾಕು. 60 ವ್ಯಾಟ್‌ನ ಬೋರ್ಡ್ ದಿನಾ 6 ತಾಸು ಸುಮ್ಮನೆ ಉರಿದರೆ ತಿಂಗಳಿಗೆ ಸುಮಾರು 11 ಯೂನಿಟ್ ವ್ಯರ್ಥ. ಗೃಹಜ್ಯೋತಿ ಮನೆ ಮೀಟರ್‌ಗೆ ಮಾತ್ರ, ಅಂಗಡಿ ಮೀಟರ್‌ಗಿಲ್ಲ. ಹಾಗಾಗಿ ಉಳಿತಾಯ ನೇರವಾಗಿ ಬಿಲ್‌ನಲ್ಲೇ ಕಾಣುತ್ತೆ.

ಸ್ಮಾರ್ಟ್ ಪ್ಲಗ್ ತರುವ ಮುನ್ನ

ಮೊದಲು ಆಂಪಿಯರ್ ನೋಡಿ. 2,000 ವ್ಯಾಟ್ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತೆ. ಅದಕ್ಕೆ 6 ಆಂಪಿಯರ್ ಪ್ಲಗ್ ಹಾಕಿದರೆ ಕರಗಿ ಬೆಂಕಿ ಹತ್ತಬಹುದು, 16 ಆಂಪಿಯರ್‌ದೇ ಬೇಕು. ನೀರಿನ ಮೋಟರನ್ನಂತೂ ಸ್ಮಾರ್ಟ್ ಪ್ಲಗ್‌ಗೆ ಹಾಕಬೇಡಿ. 1 ಎಚ್‌ಪಿ ಮೋಟರ್ ಓಡುವಾಗ ಎಳೆಯೋದಕ್ಕಿಂತ ಶುರುವಾಗುವಾಗ ಹಲವು ಪಟ್ಟು ಜಾಸ್ತಿ ಎಳೆಯುತ್ತೆ. ಅದಕ್ಕೆ ಕಾಂಟ್ಯಾಕ್ಟರ್ ಇರುವ ಪ್ಯಾನೆಲ್ ಬೇಕು.

ಗೋಡೆಯ ಸ್ವಿಚ್ ಬೋರ್ಡ್ ಒಳಗೆ ಕೂರಿಸುವ ಸ್ಮಾರ್ಟ್ ಸ್ವಿಚ್‌ಗೆ ಸಾಮಾನ್ಯವಾಗಿ ನ್ಯೂಟ್ರಲ್ ವೈರ್ ಬೇಕು. ನಿಮ್ಮ ಬೋರ್ಡ್‌ನಲ್ಲಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಇನ್ನು ಹೆಚ್ಚಿನ ಸ್ಮಾರ್ಟ್ ಪ್ಲಗ್‌ಗಳು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. 'ಕನೆಕ್ಟ್ ಆಗ್ತಿಲ್ಲ' ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಕರೆಂಟ್ ಹೋಗಿ ಬಂದಾಗ

ನಮ್ಮೂರಲ್ಲಿ ಕೇಳಲೇಬೇಕಾದ ಪ್ರಶ್ನೆ ಇದು. ಕರೆಂಟ್ ಹೋದರೆ ರೂಟರ್ ನಿಲ್ಲುತ್ತೆ, ಆ್ಯಪ್ ಕೆಲಸ ಮಾಡಲ್ಲ. ಆದ್ದರಿಂದ ಕೈ ಸ್ವಿಚ್ ತೆಗೆಸಬೇಡಿ. ಮನೆಯ ಹಿರಿಯರು ಮೊಬೈಲ್ ಇಲ್ಲದೆಯೂ ಲೈಟ್ ಹಾಕುವಂತಿರಬೇಕು.

ಕರೆಂಟ್ ವಾಪಸ್ ಬಂದಾಗ ಪ್ಲಗ್ ತಾನೇ ಆನ್ ಆಗಬೇಕೋ, ಆಫ್ ಇರಬೇಕೋ ಅಂತ ಹೆಚ್ಚಿನ ಆ್ಯಪ್‌ಗಳಲ್ಲಿ ಸೆಟ್ಟಿಂಗ್ ಇರುತ್ತೆ. ಗೀಸರ್‌ಗೆ 'ಆಫ್' ಅಂತಲೇ ಇಡಿ. ಇಸ್ತ್ರಿ ಪೆಟ್ಟಿಗೆಯನ್ನು ಸ್ಮಾರ್ಟ್ ಪ್ಲಗ್‌ಗೆ ಹಾಕಲೇಬೇಡಿ.

ತಾನೇ ಚಾಲೂ ಆಗೋದು ಪ್ರಾಣಕ್ಕೂ ಕುತ್ತು

ಬೋರಿನ ಆಟೋ ಸ್ಟಾರ್ಟರ್ ಕರೆಂಟ್ ಬಂದ ಕೂಡಲೇ ಮೋಟರ್ ಓಡಿಸುತ್ತೆ. ಕರೆಂಟ್ ಇಲ್ಲ ಅಂತ ನಂಬಿ ಪೆಟ್ಟಿಗೆಗೆ ಕೈ ಹಾಕಿದಾಗಲೇ ಕರೆಂಟ್ ಬಂದರೆ ಉಳಿಯೋದು ಕಷ್ಟ. ರಿಪೇರಿಗೆ ಇಳಿಯುವ ಮುನ್ನ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಮೊಬೈಲ್‌ನಲ್ಲಿ 'ಆಫ್' ಅಂತ ತೋರಿಸಿದರೆ ಕರೆಂಟ್ ಇಲ್ಲ ಅಂತ ಅರ್ಥ ಅಲ್ಲ. ಮನೆಯ ಸ್ಮಾರ್ಟ್ ಸ್ವಿಚ್‌ಗೂ ಇದೇ ಮಾತು: ಮೊದಲು ಎಂಸಿಬಿ ಇಳಿಸಿ, ಟೆಸ್ಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಿ.

ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಚಾಲೂ ಆದರೆ ಟ್ರಾನ್ಸ್‌ಫಾರ್ಮರ್ ಮೇಲೂ ಭಾರ. ತೆಲಂಗಾಣದಲ್ಲಿ 2018ರ ಜನವರಿ 1ರಿಂದ ರೈತರಿಗೆ 24 ತಾಸು ಕರೆಂಟ್ ಕೊಟ್ಟಾಗ, ಅಂತರ್ಜಲ ಬರಿದಾಗುತ್ತೆ ಅಂತ ಆಟೋ ಸ್ಟಾರ್ಟರ್ ತೆಗೆಯಿರಿ ಎಂದು ಅಲ್ಲಿನ ಸರ್ಕಾರವೇ ಕರೆ ಕೊಟ್ಟಿತ್ತು. ನೀವು ಮೊಬೈಲ್ ಸ್ಟಾರ್ಟರ್ ಹಾಕಿಸೋದಾದರೆ ನೀರಿಲ್ಲದಾಗ ನಿಲ್ಲಿಸುವ ಡ್ರೈ ರನ್ ರಕ್ಷಣೆ, ಒಂದು ಫೇಸ್ ಹೋದಾಗ ಕತ್ತರಿಸುವ ರಕ್ಷಣೆ ಎರಡೂ ಇವೆಯಾ ಅಂತ ಕೇಳಿ. 2ಜಿ ಸ್ಟಾರ್ಟರ್ ಆದರೆ ಜಿಯೋ ಸಿಮ್ ನಡೆಯಲ್ಲ, ಯಾಕಂದ್ರೆ ಅದರಲ್ಲಿ 2ಜಿ ಜಾಲವೇ ಇಲ್ಲ.

ಕಲಿಯುವ ಹುಡುಗರಿಗೆ

ಐಟಿಐ, ಡಿಪ್ಲೊಮಾ ಓದುವವರು ಆರ್ಡುಯಿನೊ ಅಥವಾ ಇಎಸ್‌ಪಿ32 ಬೋರ್ಡ್‌ನಿಂದ ಶುರು ಮಾಡಬಹುದು. ಮೊದಲು 5 ವೋಲ್ಟ್‌ನಲ್ಲಿ ಎಲ್‌ಇಡಿ ಬೆಳಗಿಸಿ, ಆಮೇಲೆ ಸೆನ್ಸರ್, ಆಮೇಲೆ ರಿಲೇ. 230 ವೋಲ್ಟ್ ಮುಟ್ಟೋದು ಕಡೆಗೆ, ಅದೂ ತಿಳಿದವರು ಪಕ್ಕದಲ್ಲಿದ್ದಾಗ. ಸಾಧನಗಳನ್ನೆಲ್ಲ ಒಂದೇ ಕಡೆ ಜೋಡಿಸೋಕೆ 2013ರಲ್ಲಿ ಶುರುವಾದ 'ಹೋಮ್ ಅಸಿಸ್ಟೆಂಟ್' ಅನ್ನೋ ಉಚಿತ ತಂತ್ರಾಂಶ ಇದೆ. ಹಳೇ ಕಂಪ್ಯೂಟರ್‌ನಲ್ಲೂ ನಡೆಯುತ್ತೆ.

ಹಾಕಿಸುವ ಮುನ್ನ ಇಷ್ಟು ನೋಡಿ

* ಅರ್ತಿಂಗ್ ಸರಿ ಇದೆಯಾ?
* 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ?
* ಐಎಸ್‌ಐ ಗುರುತು, ಬಿಲ್, ವಾರಂಟಿ ಇದೆಯಾ?
* ಆ್ಯಪ್ ಪಾಸ್‌ವರ್ಡ್ ನಿಮ್ಮ ಹತ್ತಿರವೇ ಇದೆಯಾ? ಹಾಕಿಕೊಟ್ಟವರ ಮೊಬೈಲ್‌ನಲ್ಲೇ ಉಳಿದರೆ ನಿಮ್ಮ ಮನೆ ಸ್ವಿಚ್ ಅವರ ಕೈಯಲ್ಲಿ.

ಕಂಬ, ಸರ್ವಿಸ್ ವೈರ್, ಮೀಟರ್ ತಂಟೆಗೆ ನೀವಾಗಿ ಹೋಗಬೇಡಿ. 1912ಕ್ಕೆ ಫೋನ್ ಮಾಡಿ. ಒಂದು ಟ್ಯಾಂಕ್, ಒಂದು ಲೈಟ್ ಮೂರು ತಿಂಗಳು ಸರಿಯಾಗಿ ನಡೆದ ಮೇಲೆ ಮುಂದಿನದಕ್ಕೆ ದುಡ್ಡು ಹಾಕಿ.