ಕಳಿಂಗದ ಲೆಕ್ಕ, ಸಿಂಧನೂರಿನ ಬದುಕು

ಮಸ್ಕಿಯ ಶಾಸನದ ಪಾಠವನ್ನು ನನ್ನ ವಿದ್ಯಾರ್ಥಿಗಳಾರೂ ಮರೆತಿರಲಾರರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಆ ಬಂಡೆಯೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂದು ಖಚಿತಪಡಿಸಿತು. ಅದೇ ಅರಸನ 13ನೆಯ ಬಂಡೆಶಾಸನವು ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಹತರಾದರೆಂದೂ, 1.5 ಲಕ್ಷ ಜನರನ್ನು ನೆಲೆ ಕೀಳಿಸಿ ಒಯ್ಯಲಾಯಿತೆಂದೂ ಹೇಳುತ್ತದೆ. ಹಾಗೆ ಒಯ್ಯಲ್ಪಟ್ಟವರು ಎಲ್ಲಿ ನೆಲೆಸಿದರು, ಏನನ್ನು ಉಂಡರು? ಶಾಸನ ಮೌನವಾಗಿದೆ. ನೆಲೆ ತಪ್ಪಿದವರ ಮುಂದಿನ ಕಥೆಯನ್ನು ತಿಳಿಯಬೇಕಾದರೆ ನೆರೆಯ ಸಿಂಧನೂರಿಗೆ ಹೋಗಬೇಕು.

ದೇಶವಿಭಜನೆಯ ನಂತರ ಪೂರ್ವ ಪಾಕಿಸ್ತಾನದಿಂದ ಹಿಂದೂ ಕುಟುಂಬಗಳು ಅಲೆಅಲೆಯಾಗಿ ಭಾರತಕ್ಕೆ ಬಂದವು. 1964ರ ಗಲಭೆಗಳ ತರುವಾಯ ಬಂದ ಅನೇಕರನ್ನು ರಾಯಪುರದ ಬಳಿಯ ಮಾನಾ ಶಿಬಿರದಲ್ಲಿರಿಸಿ, ಅಲ್ಲಿಂದ ಬೇರೆ ಬೇರೆ ಪ್ರಾಂತಗಳಿಗೆ ಕಳುಹಿಸಲಾಯಿತು. 1971ರ ಯುದ್ಧಕಾಲದಲ್ಲಿ ಬಂದ ಸುಮಾರು 1 ಕೋಟಿ ನಿರಾಶ್ರಿತರಲ್ಲಿ ಬಹುಪಾಲು ಜನ ಮರಳಿದರು. ಮೊದಲೇ ಬಂದವರಿಗೆ ಮರಳುವ ಊರು ಉಳಿದಿರಲಿಲ್ಲ. ಅಂತಹ ನೂರಾರು ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸಿಂಧನೂರಿನ ಸುತ್ತ ಪುನರ್ವಸತಿ ದೊರೆಯಿತು.

ಸಿಂಧನೂರೇ ಏಕೆ? ಲಿಂಗಸುಗೂರು ಕಡೆಯ ಹೊಲಗಳು ಆಗ ಮಳೆಯನ್ನೇ ನಂಬಿದ್ದವು. ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿತ್ತು. ಕುಟುಂಬಕ್ಕೆ ಸುಮಾರು 5 ಎಕರೆಯಂತೆ ಭೂಮಿ ಹಂಚಲಾಯಿತು. ಆಂಧ್ರದ ರೈತರು ಹಣ ತಂದು, ಭೂಮಿ ಕೊಂಡು ಕಟ್ಟಿಕೊಂಡ ಊರುಗಳನ್ನೂ ನಮ್ಮಲ್ಲಿ ‘ಕ್ಯಾಂಪ್’ ಎಂದೇ ಕರೆಯುತ್ತಾರೆ. ಬಂಗಾಲಿಗಳದು ಪ್ರಾಣಭಯದಿಂದ ಬಂದವರ ಕ್ಯಾಂಪ್. ಇಂದಿಗೂ ಅವಕ್ಕೆ ಆರ್.ಎಚ್. ಕ್ಯಾಂಪ್ ಎಂಬ ಸಂಖ್ಯೆಗಳೇ ಹೆಸರು. ನದಿಮುಖಜ ಭೂಮಿಯಲ್ಲಿ ಬೆಳೆದವರು ಎರೆಮಣ್ಣಿನ ಒಕ್ಕಲುತನ ಕಲಿತರು; ದುರ್ಗಾಪೂಜೆಯನ್ನು ಬಿಡಲಿಲ್ಲ.

ಅನ್ನ, ನೆಲ, ನೀರು ದೊರೆತಲ್ಲಿಗೆ ನೆರವು ಮುಗಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿಯೆನಿಸಿದ ನಾಮಶೂದ್ರರ ಹೆಸರು ಕರ್ನಾಟಕದ ಪಟ್ಟಿಯಲ್ಲಿ ಇಲ್ಲದ್ದರಿಂದ, ಅವರ ಮಕ್ಕಳಿಗೆ ದಶಕಗಳ ಕಾಲ ಆ ಪ್ರಮಾಣಪತ್ರ ದೊರೆಯಲಿಲ್ಲ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಆ ಒಂದು ಕಾಗದದ ಬೆಲೆ ಎಷ್ಟೆಂಬುದನ್ನು ಉಪಾಧ್ಯಾಯರಾದವರೆಲ್ಲ ಬಲ್ಲರು. 2019ರ ತಿದ್ದುಪಡಿ ಕಾಯ್ದೆಯಡಿ ಇಲ್ಲಿನ ಐವರಿಗೆ ಭಾರತದ ಪೌರತ್ವ ದೊರೆತದ್ದು 2024ರಲ್ಲಿ. ಆ ಕಾಯ್ದೆಯ ಬಗ್ಗೆ ಅಭಿಪ್ರಾಯಭೇದಗಳಿವೆ. ಅರ್ಧ ಶತಮಾನ ಕಾದವರ ಆಯಾಸದ ಬಗ್ಗೆ ಭೇದವಿರಲಾರದು.

ಗಡಿ ದಾಟಿದ ನೆನಪುಳ್ಳ ಹಿರಿಯರು ಈಗ ವಿರಳರಾಗುತ್ತಿದ್ದಾರೆ. ಆ ಭಾಗದ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ನನ್ನ ಶಿಷ್ಯರಲ್ಲಿ ಒಂದು ಕೋರಿಕೆ: ಮಕ್ಕಳ ಕೈಯಿಂದಲೇ ಅವರವರ ಅಜ್ಜ-ಅಜ್ಜಿಯರ ಮಾತನ್ನು ಬರೆಸಿಡಿ. ಅಶೋಕನ ಶಾಸನ ಹೇಳದೆ ಬಿಟ್ಟದ್ದನ್ನು ನಿಮ್ಮ ಶಾಲೆಯ ನೋಟ್‌ಬುಕ್ ಹೇಳಲಿ.