ಮಂಡಿ ಮಡಚದ ಓಟಗಾರ್ತಿ

ಅಮೆರಿಕದ ಓಟಗಾರ್ತಿ ಬೆಟ್ಟಿ ರಾಬಿನ್‌ಸನ್ ಬಗ್ಗೆ ಬರೆಯುವವರು ಒಂದು ಕಥೆಯನ್ನು ಬಿಡುವುದಿಲ್ಲ. 1931ರ ಜೂನ್ 28ರಂದು ಶಿಕಾಗೋ ಬಳಿ ಆಕೆ ಕೂತಿದ್ದ ಪುಟ್ಟ ವಿಮಾನ ನೆಲಕ್ಕಪ್ಪಳಿಸಿತು. ಸತ್ತೇ ಹೋಗಿದ್ದಾಳೆಂದು ಭಾವಿಸಿ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಶವಸಂಸ್ಕಾರ ಮಾಡುವವರ ಬಳಿಗೆ ಒಯ್ದರು, ಉಸಿರಾಡುತ್ತಿರುವುದು ಗೊತ್ತಾದದ್ದು ಆಮೇಲೆ ಎಂಬುದು ಆ ಕಥೆ. ಸತ್ತು ಬದುಕಿದವಳು ಐದು ವರ್ಷಗಳ ಮೇಲೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಳು ಎಂದರೆ ಕೇಳುವುದಕ್ಕೆ ಯಾರಿಗೆ ಬೇಡ? ಆದರೆ ಆಕೆ ಓಟಕ್ಕೆ ಮರಳಿದ್ದು ಹೇಗೆಂದು ತಿಳಿಯಬೇಕಾದರೆ ಡಿಕ್ಕಿಯನ್ನು ಬಿಟ್ಟು ಮಂಡಿಯನ್ನು ನೋಡಬೇಕು.

ಬೆಟ್ಟಿ ಓಟಕ್ಕೆ ಬಂದದ್ದೇ ಆಕಸ್ಮಿಕ. ರೈಲು ಹಿಡಿಯಲು ಓಡುತ್ತಿದ್ದ ಹುಡುಗಿಯ ವೇಗ ಆಕೆಯ ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರ ಕಣ್ಣಿಗೆ ಬಿತ್ತು. ಕೆಲವೇ ತಿಂಗಳಲ್ಲಿ, 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನ 100 ಮೀಟರ್ ಓಟವನ್ನು ಆಕೆ 12.2 ಸೆಕೆಂಡಿನಲ್ಲಿ ಗೆದ್ದಳು. ಆಗ ವಯಸ್ಸು 16. ರಿಲೇಯಲ್ಲಿ ಬೆಳ್ಳಿಯೂ ಬಂತು. ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಹೆಂಗಸರಿಗೆ ಅವಕಾಶ ಸಿಕ್ಕಿದ್ದೇ ಆ ವರ್ಷ, ಅದೂ ಐದೇ ಸ್ಪರ್ಧೆಗಳಲ್ಲಿ.

ಆ ಐದರಲ್ಲಿ 800 ಮೀಟರ್ ಓಟವೂ ಒಂದು. ಜರ್ಮನಿಯ ಲೀನಾ ರಾಡ್ಕೆ 2 ನಿಮಿಷ 16.8 ಸೆಕೆಂಡಿನಲ್ಲಿ ಅದನ್ನು ಗೆದ್ದರು. ಫೈನಲ್ ಓಡಿದ 9 ಮಂದಿಯೂ ಗುರಿ ಮುಟ್ಟಿದರು. ಓಟ ಮುಗಿಸಿದ ಕೆಲವರು ದಣಿದು ನೆಲಕ್ಕೊರಗಿದ್ದನ್ನೇ ಪತ್ರಿಕೆಗಳು ಹಿಗ್ಗಿಸಿ ಬರೆದವು. ಹೆಣ್ಣಿನ ಮೈ ಇಷ್ಟು ದೂರ ತಾಳದು ಎಂಬ ವಾದಕ್ಕೆ ಅದೇ ಸಾಕಾಯಿತು. ಮುಂದಿನ ಒಲಿಂಪಿಕ್ಸ್‌ನಿಂದ ಆ ಓಟವನ್ನು ಕೈಬಿಟ್ಟರು. ಫೈನಲ್‌ನಲ್ಲಿ ಏಳನೆಯವಳಾಗಿ ಬಂದ ಜರ್ಮನಿಯ ಮಾರೀ ಡೋಲಿಂಗರ್ ಎಂಬಾಕೆಯ ಹೆಸರನ್ನು ಇಲ್ಲಿ ನೆನಪಿಟ್ಟುಕೊಳ್ಳೋಣ.

ವಿಮಾನ ಅಪಘಾತದಲ್ಲಿ ಬೆಟ್ಟಿಯ ಕಾಲು, ಕೈ, ತಲೆ ಎಲ್ಲಕ್ಕೂ ಪೆಟ್ಟು ಬಿದ್ದಿತ್ತು. ನಡೆಯುವುದನ್ನೇ ಮತ್ತೆ ಕಲಿಯಬೇಕಾಯಿತು. ತನ್ನದೇ ದೇಶದ ಲಾಸ್ ಏಂಜಲೀಸ್‌ನಲ್ಲಿ ನಡೆದ 1932ರ ಒಲಿಂಪಿಕ್ಸ್ ಕೈತಪ್ಪಿತು. ನಡೆದು, ಓಡಿ, ಮತ್ತೆ ವೇಗ ಹಿಡಿದ ಮೇಲೂ ಒಂದು ಕೊರತೆ ಉಳಿಯಿತು. ಮಂಡಿ ಪೂರ್ತಿ ಮಡಚುತ್ತಿರಲಿಲ್ಲ.

100 ಮೀಟರ್ ಓಟಗಾರರಿಗೆ ಇದು ಸಣ್ಣ ಕೊರತೆಯಲ್ಲ. ಎರಡೂ ಕೈ ನೆಲಕ್ಕೂರಿ, ಮಂಡಿ ಮಡಚಿ ಬಗ್ಗಿ ಕೂತು, ಗುಂಡಿನ ಸದ್ದಿಗೆ ಚಿಮ್ಮಬೇಕು. ಒಲಿಂಪಿಕ್ಸ್‌ಗೆ ಸ್ಟಾರ್ಟಿಂಗ್ ಬ್ಲಾಕ್ ಇನ್ನೂ ಬಂದಿರಲಿಲ್ಲ. ಓಟಗಾರರೇ ಸಣ್ಣ ಕರಣೆಯಿಂದ ಟ್ರ್ಯಾಕಿನಲ್ಲಿ ಕುಳಿ ತೋಡಿ ಕಾಲು ಊರುತ್ತಿದ್ದರು. ಹಾಗೆ ಕೂರಲಾಗದ ಬೆಟ್ಟಿಗೆ ತಾನು ಗೆದ್ದ ಓಟವೇ ಮುಚ್ಚಿಹೋಯಿತು. ಆದರೆ ರಿಲೇಯಲ್ಲಿ ಬಗ್ಗಿ ಕೂತು ಹೊರಡುವುದು ಮೊದಲನೆಯವರು ಮಾತ್ರ. ಉಳಿದ ಮೂವರು ನಿಂತೇ ಕಾದು, ಬ್ಯಾಟನ್ ಹಿಡಿದವರು ಹತ್ತಿರ ಬಂದಂತೆ ಓಟ ಶುರುಮಾಡುತ್ತಾರೆ. ಬೆಟ್ಟಿ ಮರಳಿದ್ದು ಆ ಜಾಗಕ್ಕೆ.

1936ರ ಆಗಸ್ಟ್ 9, ಬರ್ಲಿನ್. ಜರ್ಮನಿಯ ಹುಡುಗಿಯರು ಅದಕ್ಕೆ ಮುಂಚಿನ ಸುತ್ತಿನಲ್ಲಿ 46.4 ಸೆಕೆಂಡಿನ ವಿಶ್ವದಾಖಲೆ ಮಾಡಿದ್ದರು. ಫೈನಲ್‌ನಲ್ಲೂ ಅವರೇ ಮುಂದಿದ್ದರು. ಅಮೆರಿಕದ ಪರ ಮೂರನೆಯವಳಾಗಿ ಓಡಿದ್ದು ಬೆಟ್ಟಿ. ಜರ್ಮನಿಯ ಪರ ಮೂರನೆಯವಳು ಅದೇ ಮಾರೀ ಡೋಲಿಂಗರ್. ಮಾರೀ ಕೊಟ್ಟ ಬ್ಯಾಟನ್ ಇಲ್ಸೆ ಡೋರ್ಫೆಲ್ಟ್ ಕೈಯಲ್ಲಿ ನಿಲ್ಲದೆ ನೆಲಕ್ಕೆ ಬಿತ್ತು. ಬೆಟ್ಟಿ ಕೊಟ್ಟದ್ದು ಹೆಲೆನ್ ಸ್ಟೀಫನ್ಸ್ ಕೈ ಸೇರಿತು. 46.9 ಸೆಕೆಂಡು, ಚಿನ್ನ.

ಗೆಲುವಿನಲ್ಲಿ ಅದೃಷ್ಟದ ಪಾಲಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಆ ತಿರುವಿನಲ್ಲಿ ಓಡಿದ ಈ ಇಬ್ಬರು. 1928ರಲ್ಲಿ ತಾವು ಓಡಿದ ಓಟವನ್ನು ಇಬ್ಬರೂ ಕಳೆದುಕೊಂಡಿದ್ದರು. ಬೆಟ್ಟಿಗೆ ದೇಹ ಅಡ್ಡಿಯಾಯಿತು, ಮಾರೀಗೆ ನಿಯಮ. 800 ಮೀಟರ್ ಇಲ್ಲದ ಒಲಿಂಪಿಕ್ಸ್‌ನಲ್ಲಿ ಮಾರೀ 100 ಮೀಟರ್ ಓಡಿ, 1932 ಮತ್ತು 1936ರಲ್ಲಿ ಎರಡು ಸಲವೂ ನಾಲ್ಕನೆಯವಳಾದಳು. ಮರಳಿ ಬರುವುದೆಂದರೆ ಬಿಟ್ಟ ಜಾಗಕ್ಕೇ ಬರುವುದು ಎಂದು ನಾವು ಅಂದುಕೊಳ್ಳುತ್ತೇವೆ. ಇವರು ಬಂದದ್ದು ತೆರೆದಿದ್ದ ಜಾಗಕ್ಕೆ. ಮುರಿದ ಮೂಳೆ ಐದು ವರ್ಷದಲ್ಲಿ ಓಡುವಷ್ಟು ಕೂಡಿಕೊಂಡಿತು. ಪತ್ರಿಕೆಗಳ ಉತ್ಪ್ರೇಕ್ಷೆ ಬೆಂಬಲಿಸಿದ ನಿಯಮ ಸಡಿಲವಾಗಲು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಬೇಕಾಯಿತು.

ಹೆಂಗಸರ 800 ಮೀಟರ್ ಒಲಿಂಪಿಕ್ಸ್‌ಗೆ ಮರಳಿದ್ದು 1960ರಲ್ಲಿ, ರೋಮ್‌ನಲ್ಲಿ. ಅಷ್ಟರಲ್ಲಿ 32 ವರ್ಷ ಕಳೆದಿತ್ತು. ಅದೇ ರೋಮ್‌ನಲ್ಲಿ ಮಾರೀಯ ಮಗಳು ಬ್ರುನ್‌ಹಿಲ್ಡೆ ಹೆಂಡ್ರಿಕ್ಸ್ ರಿಲೇ ಓಡಿ ಬೆಳ್ಳಿ ಪದಕ ಪಡೆದಳು.